ಒಳಗಿನ ಚಿಲಕ

“ಹೆತ್ತ ತಾಯಿಗೇ ಬಾಗಿಲು ಹಾಕ್ತಾಳಂತೆ. ಹಾಕಿಕೊಡಿ, ಚೆನ್ನಾಗಿ ಹಾಕಿಕೊಡಿ,” ಎಂದು ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು. ಬಡಗಿ ಕೇಳಿಸದವನಂತೆ ಮಗಳ ಕೋಣೆಯ ಬಾಗಿಲಿಗೆ ಚಿಲಕ ಒತ್ತಿ ಹಿಡಿದು, ಪೆನ್ಸಿಲಿನಿಂದ ತೂತಿನ ಗುರುತು ಮಾಡಿದ.

ಮೂವತ್ತು ವರ್ಷ ಕಂಡವರ ಮನೆಗೆಲ್ಲ ಬಾಗಿಲು ಕೂರಿಸಿದವನ ಸ್ವಂತ ಮನೆಯಲ್ಲಿ, ಬಚ್ಚಲು ಮತ್ತು ಬೀದಿಬಾಗಿಲು ಬಿಟ್ಟರೆ ಎಲ್ಲಿಯೂ ಚಿಲಕವಿರಲಿಲ್ಲ. ಅದು ಸೋಮಾರಿತನವಲ್ಲ. ಹಜಾರದಲ್ಲಿ ಕೂತರೆ ತಾಯಿ, ಹೆಂಡತಿ, ಮಗಳು ಮೂವರ ದನಿಯೂ ಕಿವಿಗೆ ಬೀಳಬೇಕು. ಅವನ ಪಾಲಿಗೆ ನೆಮ್ಮದಿಯೆಂದರೆ ಅಷ್ಟೇ. ಆದರೆ ಮಗಳು ಆಸ್ಪತ್ರೆಯ ಕೌಂಟರಿನಲ್ಲಿ ಚೀಟಿ ಬರೆಯುವವಳು. “ಬೆಳಿಗ್ಗೆಯಿಂದ ಯಾರಾದ್ರೂ ನನ್ನ ಮುಖಾನೇ ನೋಡ್ತಿರ್ತಾರಪ್ಪ. ಮನೆಗೆ ಬಂದ್ಮೇಲೆ ಒಂದ್ ಗಂಟೆ ಯಾರೂ ನೋಡ್ದೆ ಇದ್ರೆ ಸಾಕು,” ಎಂದಿದ್ದಳು. ಅತ್ತ ದರಿ, ಇತ್ತ ಪುಲಿ. ಅವನು ಮಗಳ ಮಾತಿಗೆ ಸೋತ.

ಮಗಳ ಬಾಗಿಲಿಗೆ ಚಿಲಕ ಬಿದ್ದ ದಿನವೇ ಅಮ್ಮನ ಬಾಯಿಗೆ ಬೀಗ ಬಿತ್ತು. ತಟ್ಟೆ ಕುಕ್ಕುವ ಸದ್ದಿನಲ್ಲೇ ಅವಳ ಸಿಟ್ಟನ್ನು ಅಳೆಯಬೇಕಿತ್ತು. ಮಗಳು ಮಾತಿಗೆಳೆದು ನೋಡಿದಳು, ಆಗಲಿಲ್ಲ. ನಾಲ್ಕನೆಯ ದಿನ, “ತೆಗೆದ್ಬಿಡಪ್ಪ. ಅಮ್ಮ ಮಾತಾಡಿದ್ರೆ ಸಾಕು ನಂಗೆ,” ಎಂದಳು. ಕಣ್ಣು ತುಂಬಿತ್ತು. ಬಡಗಿ ಹೂಂಗುಟ್ಟಿದ.

ಮರುದಿನ ಸಂಜೆ ಬೇಗ ಬಂದು, ಚಿಲಕ ಬಿಚ್ಚಲು ಸ್ಕ್ರೂಡ್ರೈವರ್ ಹಿಡಿದು ಹೋದರೆ ಮಗಳ ಕೋಣೆಯ ಬಾಗಿಲು ಒಳಗಿನಿಂದ ಭದ್ರವಾಗಿತ್ತು. ಮಗಳು ಬರಲು ಇನ್ನೂ ಹೊತ್ತಿತ್ತು.

“ಯಾರದು ಒಳಗೆ?”

“ನಾನೇ ರೀ,” ಎಂದಳು ಹೆಂಡತಿ.

“ಏನಾಯ್ತೇ? ಹುಷಾರಿಲ್ವಾ?”

“ಹುಷಾರಾಗೇ ಇದೀನಿ. ಸುಮ್ನೆ ಕೂತಿದೀನಿ.”

“ಕೂತು ಏನ್ ಮಾಡ್ತಿದ್ದೀಯ?”

“ಕೂತಿದೀನಿ ಅಂದ್ನಲ್ಲ.”

ದನಿಯಲ್ಲಿ ಸಿಟ್ಟಿರಲಿಲ್ಲ. ಇಪ್ಪತ್ತಾರು ವರ್ಷಗಳಲ್ಲಿ ಅವಳು ಸುಮ್ಮನೆ ಕೂತದ್ದನ್ನು ತಾನು ಕಂಡೇ ಇಲ್ಲವೆಂದು ಅವನಿಗೆ ಆಗ ಹೊಳೆಯಿತು. ನಾಚಿಕೆಯಾಯಿತು.

“ನನ್ನ ಕನ್ನಡಕ ಎಲ್ಲಿಟ್ಳು ಕೇಳೋ ಅವಳನ್ನ,” ಎಂದು ಹಜಾರದಿಂದ ಅವನ ತಾಯಿ ಕೂಗಿದಳು.

“ಅವಳು ಕೂತಿದಾಳಮ್ಮ.”

“ಕೂತ್ಕೊಳ್ಳೋಕೆ ಬಾಗಿಲು ಯಾಕೆ ಹಾಕ್ಬೇಕು?”

“ಹಾಕ್ದೆ ಇದ್ರೆ ನೀನು ಕೂರಕ್ಕೆ ಬಿಡ್ತೀಯಾ?”

ಮುದುಕಿ ಕನ್ನಡಕವನ್ನು ತಾನೇ ಹುಡುಕಲು ಎದ್ದಳು. ಬಡಗಿ ಡಬ್ಬಿಗಳನ್ನೆಲ್ಲ ತಡಕಾಡಿ ಟೀ ಕಾಯಿಸಿದ. ಅದಕ್ಕಿಂತ ಕಲಗಚ್ಚೇ ರುಚಿಯಾಗಿರುತ್ತಿತ್ತು.

ಮಗಳು ಬಂದಾಗ ಅವನು ಮಾತಾಡದೆ ಬಾಗಿಲಿನತ್ತ ಬೆರಳು ತೋರಿಸಿದ. ಅವಳು ಬ್ಯಾಗು ಇಳಿಸದೆ ನಿಂತು ನೋಡಿದಳು. ಆಮೇಲೆ ಅರ್ಥವಾಗಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅಪ್ಪ, ಮಗಳು, ಅಜ್ಜಿ ಮೂವರೂ ಹಜಾರದ ಬೆಂಚಿನ ಮೇಲೆ ಸಾಲಾಗಿ ಕೂತು, ಆ ಟೀಯನ್ನು ಸದ್ದಿಲ್ಲದೆ ಕುಡಿದರು.

ಕೊನೆಗೆ ಚಿಲಕ ಕಿರುಗುಟ್ಟಿತು. ಹೆಂಡತಿ ಹೊರಗೆ ಬಂದು ಮೂವರನ್ನೂ ನೋಡಿದಳು.

“ಚಿಲಕ ತುಂಬಾ ಬಿಗಿ ಇದೆ ರೀ. ಒಂದ್ ತೊಟ್ಟು ಎಣ್ಣೆ ಬಿಡಿ,” ಎಂದಳು. ಮಗಳ ಕಡೆ ತಿರುಗಿ, “ನೀನು ಬರೋದ್ರೊಳಗೆ ಏಳೋಣ ಅಂತಿದ್ದೆ ಕಣೇ. ಹೊತ್ತು ಹೋಗಿದ್ದೇ ಗೊತ್ತಾಗ್ಲಿಲ್ಲ. ಹೋಗು, ಬಾಗಿಲು ಹಾಕ್ಕೋ,” ಎಂದಳು.

ಬಡಗಿ ಎಣ್ಣೆ ತರಲು ಎದ್ದ. ಮಗಳು ಒಳಗೆ ಹೋಗಲಿಲ್ಲ. ಬೆಂಚಿನ ಮೇಲೆ ಸ್ವಲ್ಪ ಸರಿದು ಅಮ್ಮನಿಗೆ ಜಾಗ ಮಾಡಿದಳು.