ಸರಿಯೋ, ಬೆಸವೋ

ನಮ್ಮ ಚಿಕ್ಕಪ್ಪ 'ಸರಿ' ಎಂದರೆ ಅವರಿಗೆ ಕೇಳಿಸಿಲ್ಲ ಎಂದು ಅರ್ಥ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಂಗಿಗೆ ಬೆಂಕಿ ಹತ್ತಿದೆ ಎಂದು ಎಡಗಡೆಯಿಂದ ಕೂಗಿದರೂ ನಕ್ಕು "ಸರಿ ಸರಿ" ಅನ್ನುತ್ತಾರೆ ಎಂದು ಅಮ್ಮ ಆಡಿಕೊಳ್ಳುತ್ತಿದ್ದಳು. ಎಡಗಿವಿ ಹೋಗಿ ಆರು ವರ್ಷವಾಗಿತ್ತು. ಕಂಪನಿಯಲ್ಲಿ ಮಾತ್ರ ಯಾರಿಗೂ ಸುಳಿವಿರಲಿಲ್ಲ. ಅವರ ಕೆಲಸವೇ ರೇಡಿಯೊ ಪೆಟ್ಟಿಗೆಗಳ ಶಬ್ದ ಪರೀಕ್ಷಿಸುವುದು, ಗೊತ್ತಾದರೆ ಮುಗಿಯಿತು. "ಯಾರ ಹತ್ರಾನೂ ಬಾಯಿ ಬಿಡ್ಬೇಡ ಕಣೆ" ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ನಾನು ಅದೇ ಕಂಪನಿಯಲ್ಲಿ ಎಂಜಿನಿಯರ್. ಅರ್ಜಿ ಹಾಕಿಸಿದವರು ಅವರೇ.

ನಾವು ಮಾಡುತ್ತಿದ್ದದ್ದು ನದಿ ದಂಡೆಯ ಮನೆಗಳಿಗೆ ಪ್ರವಾಹದ ಎಚ್ಚರಿಕೆ ಕೊಡುವ ಪೆಟ್ಟಿಗೆ. ಪ್ರಸಾರ ಕೇಂದ್ರ ಮಾತನ್ನು ಚೂರುಚೂರು ಮಾಡಿ, ಅದಲು ಬದಲು ಮಾಡಿ, ಸಾವಿರಾರು ಅಲೆಗಳ ಮೇಲೆ ಹರಡಿ ಕಂತು ಕಂತಾಗಿ ಕಳಿಸುತ್ತದೆ. ದಾರಿಯಲ್ಲಿ ನಾಲ್ಕು ಅಲೆ ಕೆಟ್ಟರೂ ಒಂದೇ ಮಾತು ಪೂರ್ತಿ ಹರಿದುಹೋಗಬಾರದು ಎಂದು. ಪೆಟ್ಟಿಗೆ ಅದನ್ನೆಲ್ಲ ಮತ್ತೆ ಜೋಡಿಸಬೇಕು. ಅದಕ್ಕೆ ಸಾಮಾನ್ಯವಾಗಿ ಎರಡು ಪಾಲು ಮೆಮೊರಿ ಬೇಕು, ಒಂದು ತುಂಬುವಾಗ ಇನ್ನೊಂದು ಖಾಲಿಯಾಗಲು. ನಾನು ಒಂದರಲ್ಲೇ ಮುಗಿಸಿದೆ. ಬಸ್ಸಿನಲ್ಲಿ ಒಬ್ಬರು ಎದ್ದ ಸೀಟಿನಲ್ಲೇ ಇನ್ನೊಬ್ಬರು ಕೂರುವ ಹಾಗೆ, ಹಳೆಯ ಚೂರು ಎದ್ದ ಜಾಗಕ್ಕೇ ಹೊಸ ಚೂರು. ಆದರೆ ಎಬ್ಬಿಸುವ ಕ್ರಮ ಪ್ರತಿ ಕಂತಿಗೂ ಬದಲಾಗಬೇಕು: ಸರಿಸಂಖ್ಯೆಯ ಕಂತಿಗೆ ಒಂದು, ಬೆಸಸಂಖ್ಯೆಯದಕ್ಕೆ ಇನ್ನೊಂದು. ಎಣಿಕೆ ತಪ್ಪಿತೋ, ಹೊಸಬರು ಹಳಬರ ತೊಡೆಯ ಮೇಲೆ ಕೂರುತ್ತಾರೆ. ಮಾತು ಕಲಸುಮೇಲೋಗರವಾಗಿ ಪೆಟ್ಟಿಗೆ ತಾನೇ ಬಾಯಿ ಮುಚ್ಚಿಕೊಳ್ಳುತ್ತದೆ.

ಸರಿ-ಬೆಸ ನನಗೆ ಕಲಿಸಿದವರು ಚಿಕ್ಕಪ್ಪನೇ. ಮುಷ್ಟಿಯಲ್ಲಿ ಅಂಗಿ ಗುಂಡಿಗಳನ್ನು ಹಿಡಿದು "ಸರಿಯೋ, ಬೆಸವೋ?" ಎನ್ನುತ್ತಿದ್ದರು. ನಾನು ಅಳುಮುಖ ಮಾಡಿದರೆ ಒಂದು ಗುಂಡಿಯನ್ನು ತೋಳಿನೊಳಗೆ ಜಾರಿಸಿ ನನ್ನನ್ನೇ ಗೆಲ್ಲಿಸುತ್ತಿದ್ದರು.

ಕೊನೆಯ ವಾರ ಪೆಟ್ಟಿಗೆಯ ಚಿಪ್‌ನಲ್ಲಿ ಎಳ್ಳಷ್ಟು ಜಾಗ ಸಾಲದೆ ಬಂತು. ಮ್ಯಾನೇಜರ್ ತಲೆಯ ಮೇಲೆ ಕೂತಿದ್ದರು. ಸಿಗ್ನಲ್ ಕಡಿದು ಮತ್ತೆ ಬಂದಾಗ ಸರಿ-ಬೆಸ ನೋಡಿಕೊಳ್ಳುವ ಒಂದು ತಪಾಸಣೆ ಇತ್ತು. ಮೊದಲ ಕಂತು ಯಾವಾಗಲೂ ಸರಿಸಂಖ್ಯೆಯದೇ ಆಗಿದ್ದರೆ ಅದನ್ನು ಕಿತ್ತುಹಾಕಬಹುದಿತ್ತು. ಪರೀಕ್ಷಾ ಕೊಠಡಿಗೆ ಓಡಿದೆ. ಇಪ್ಪತ್ತು ಪೆಟ್ಟಿಗೆಗಳು ಒಟ್ಟಿಗೆ ಗೊರಗುಟ್ಟುತ್ತಿದ್ದವು.

"ಚಿಕ್ಕಪ್ಪ, ಸಿಗ್ನಲ್ ಹೋಗಿ ವಾಪಸ್ ಬಂದಾಗ ಮೊದಲನೇ ಕಂತು ಯಾವಾಗ್ಲೂ ಸರೀನಾ?"

ಅವರು ಮೀಟರಿನಿಂದ ಕಣ್ಣು ಕೀಳದೆ ನಕ್ಕು, "ಸರಿ" ಎಂದರು.

ನಾನು ಓಡಿಬಂದು ತಪಾಸಣೆ ಕಿತ್ತುಹಾಕಿ, ದಾಖಲೆಯಲ್ಲಿ 'ಪರೀಕ್ಷಾ ಕೊಠಡಿ ಖಚಿತಪಡಿಸಿದೆ' ಎಂದು ಬರೆದೆ. ನಮ್ಮಲ್ಲಿ ಪ್ರತಿ ಪರೀಕ್ಷೆಯೂ ಸ್ವಿಚ್ ಹಾಕುವುದರಿಂದಲೇ ಶುರು, ಆಗ ಎಣಿಕೆ ಸರಿಯಿಂದಲೇ ಶುರು; ನಡುವೆ ಸಿಗ್ನಲ್ ಕಡಿದು ನೋಡುವವರಿಲ್ಲ. ಎಲ್ಲ ಪೆಟ್ಟಿಗೆಗಳೂ ಪಾಸಾದವು. ನನಗೆ ಚಪ್ಪಾಳೆಯೂ ಸಿಕ್ಕಿತು.

ಅಣೆಕಟ್ಟಿನ ಗೇಟು ತೆರೆದ ಮಧ್ಯಾಹ್ನ ಪ್ರಸಾರ ಗೋಪುರದ ಸಿಗ್ನಲ್ ಒಂದು ಕ್ಷಣ ಕಡಿದು ಮತ್ತೆ ಬಂತು. ಸುಮಾರು ಅರ್ಧ ಪೆಟ್ಟಿಗೆಗಳು ಬೆಸದ ಕಂತಿಗೆ ಎಚ್ಚೆತ್ತು ಮೂಕವಾದವು. ಪಂಪ್‌ಹೌಸಿನ ಕಾವಲುಗಾರ ಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದನಂತೆ, ಹಸಿರು ದೀಪ ಉರಿಯುತ್ತಿತ್ತಂತೆ. ನೀರು ಅವನ ಮೇಲೆ ಗೋಡೆ ಕೆಡವಿತು. ಮೊಣಕಾಲಿನ ಕೆಳಗೆ ಕಾಲು ಉಳಿಯಲಿಲ್ಲ. ಅವನನ್ನು ನೋಡಲು ಆಸ್ಪತ್ರೆಯ ಬಾಗಿಲವರೆಗೆ ಹೋಗಿ ತಿರುಗಿ ಬಂದೆ. ಒಳಗೆ ಹೋಗುವ ಧೈರ್ಯ ಬರಲಿಲ್ಲ.

ದಾಖಲೆಯಲ್ಲಿ ನನ್ನ ಸಾಲು ಇತ್ತಲ್ಲ, ವಿಚಾರಣೆ ನೆಟ್ಟಗೆ ಚಿಕ್ಕಪ್ಪನ ಕೊರಳಿಗೆ ಬಂತು.

"ನೀನು ಏನು ಕೇಳಿದ್ಯೋ, ನಾನು ಏನಂದೆನೋ, ನಂಗೆ ನೆನಪೇ ಇಲ್ಲ" ಎಂದರು ಅವರು, ವಿಚಾರಣೆಯ ಕೋಣೆಯ ಹೊರಗೆ ಬೆಂಚಿನ ಮೇಲೆ. "ನಂದೇ ತಪ್ಪಾಯ್ತು ಅಂತ ಒಪ್ಕೋತೀನಿ. ನಿವೃತ್ತಿಗೆ ಎಂಟು ತಿಂಗಳಿದೆ, ಮನೆಗೆ ಕಳಿಸ್ತಾರೆ, ಅಷ್ಟೇ ತಾನೆ? ನೀನು ಸುಮ್ನಿರು. ಕಿವಿ ವಿಷ್ಯ ಮಾತ್ರ ಎತ್ಬೇಡ. ಇಷ್ಟು ದಿನ ಕಿವುಡ ಪಾಸ್ ಮಾಡಿದ ಪೆಟ್ಟಿಗೆಗಳು ಅಂತ ನಗ್ತಾರೆ. ಅದೊಂದು ನಂಗೆ ತಡ್ಕೊಳ್ಳೋಕಾಗಲ್ಲ."

ತೋಳಿನೊಳಗೆ ಮತ್ತೆ ಗುಂಡಿ ಜಾರಿಸುತ್ತಿದ್ದರು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಒಂದು ಗಳಿಗೆ ಹಾಯೆನಿಸಿತು. ತಲೆಯಾಡಿಸಿದೆ.

ಒಳಗೆ ನನ್ನನ್ನು ಎಂದಿನಂತೆ ಬಲಗಡೆ ಕೂರಿಸಿಕೊಂಡರು. ಮ್ಯಾನೇಜರ್ ಎಡಗಡೆ ಕಿಟಕಿಯ ಬಳಿ ನಿಂತು, ಚಿಕ್ಕಪ್ಪ ಸಹಿ ಹಾಕಬೇಕಾದ ತಪ್ಪೊಪ್ಪಿಗೆಯ ಹಾಳೆಯಿಂದ ಮುಖವೆತ್ತದೆ, ಗೊಣಗಿದಂತೆ ಓದಿದರು.

"...ಗೊತ್ತಿದ್ದೂ ಬೇಕೆಂದೇ ಸುಳ್ಳು ಮಾಹಿತಿ ಕೊಟ್ಟು, ಒಬ್ಬರ ಅಂಗವೈಕಲ್ಯಕ್ಕೆ ಕಾರಣನಾಗಿದ್ದೇನೆ. ಇದನ್ನ ಪೊಲೀಸರಿಗೆ ಕೊಡ್ತೀವಿ. ಸರೀನಾ?"

ಬೇಕೆಂದೇ. ಪೊಲೀಸರಿಗೆ. ಮನೆಗೆ ಕಳಿಸುವ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ನಾನು ಚಿಕ್ಕಪ್ಪನ ಕಡೆ ತಿರುಗಿದೆ.

ಅವರು ಹಸನ್ಮುಖರಾಗಿ ಪೆನ್ನಿಗೆ ಕೈ ಚಾಚಿ, "ಸರಿ" ಎಂದರು.

ಅದೇ ನಗು. ಪರೀಕ್ಷಾ ಕೊಠಡಿಯಲ್ಲಿ ನನಗೆ ಕೊಟ್ಟಿದ್ದೂ ಇದೇ ನಗು. ಆವತ್ತೇ ನನಗೆ ಅದರ ಅರ್ಥ ಗೊತ್ತಿತ್ತು. ಆ ಕೊಠಡಿಯಲ್ಲಿ ಮೇಜು ಸುತ್ತಿ ಅವರ ಬಲಗಡೆ ಹೋಗಿ ಇನ್ನೊಮ್ಮೆ ಕೇಳಲು ನಾಲ್ಕು ಹೆಜ್ಜೆ ಸಾಕಿತ್ತು. ಬೇರೆ ಉತ್ತರ ಬಂದೀತೆಂಬ ಭಯಕ್ಕೆ ನಾನು ಆ ಹೆಜ್ಜೆ ಇಡಲಿಲ್ಲ.

"ಅವರಿಗೆ ಕೇಳಿಸಿಲ್ಲ ಸರ್" ಎಂದೆ. ಜೋರಾಗಿಯೇ ಹೇಳಿದೆ. "ಎಡಗಿವಿ ಕೇಳಿಸಲ್ಲ. ಆರು ವರ್ಷ ಆಯ್ತು. ಅವತ್ತೂ ನಾನು ಎಡಗಡೆ ನಿಂತು ಕೇಳಿದ್ದೆ. ಕೇಳಿಸಿಲ್ಲ ಅಂತ ಗೊತ್ತಿದ್ದೂ ಬರ್ಕೊಂಡೆ. ತಪ್ಪು ನಂದು."

ಪೆನ್ನು ಹಿಡಿದ ಕೈ ಅಲ್ಲೇ ನಿಂತಿತು. ಚಿಕ್ಕಪ್ಪ ನಿಧಾನವಾಗಿ ನನ್ನ ಕಡೆ ತಿರುಗಿದರು. ಮುಖದಲ್ಲಿ ನಗು ಇರಲಿಲ್ಲ. ನಾನು ಅವರ ಬಲಗಡೆ ಕೂತಿದ್ದೆ. ಒಂದೊಂದು ಅಕ್ಷರವೂ ಅವರಿಗೆ ಕೇಳಿಸಿತ್ತು.