ಕೊನೆಯ ಹಲಗೆ

ಗಂಡನ ತಿಥಿಯ ಊಟ ಮುಗಿದು ನೆಂಟರೆಲ್ಲ ಹೊರಟುಹೋದ ಮಾರನೆಯ ಬೆಳಗ್ಗೆ ಅನುಷಾ ಕಸ ಗುಡಿಸುತ್ತಿದ್ದಾಗ ಪೊರಕೆ ಮಂಚದಡಿಯ ಹಲಗೆಗೆ ತಾಗಿತು.

"ಅದನ್ನ ಸಿರಾಜಣ್ಣಂಗೆ ಕೊಟ್ ಬಾ ಕಣೇ," ಅಂದರು ಅತ್ತೆ ಶಂಕರಮ್ಮ. "ಬಾಗ್ಲು ಹಾಕಕ್ಕಾಗ್ದೆ ಆ ಮುದುಕ ಅಂಗಡೀಲೇ ಮಲಗ್ತಾನಂತೆ. ಸಾವಿನ ಮನೆ ಅಂತ ಕೇಳಕ್ಕೆ ಬಂದಿಲ್ಲ."

"ಮಲಗ್ಲಿ ಬಿಡಿ."

ತರೀಕೆರೆಯ ಪೇಟೆಬೀದಿಯಲ್ಲಿ ಸಿರಾಜುದ್ದೀನರ ಹಾಸಿಗೆ ಅಂಗಡಿಯಿದ್ದ ಮಾಳಿಗೆ ಕಟ್ಟಡಕ್ಕೆ ನೂರು ವರ್ಷ ದಾಟಿತ್ತು. ಬೀದಿಗೆಲ್ಲ ಶಟರ್ ಬಂದರೂ ಅದಕ್ಕೆ ಇನ್ನೂ ಹಲಗೆ ಬಾಗಿಲು. ಒಂದೊಂದೇ ಹಲಗೆಯನ್ನು ಹೊಸ್ತಿಲಲ್ಲಿ ಕೊರೆದ ಸಂದಿಗೆ ಕೂರಿಸಿ ಸರಿಸಬೇಕು. ಬೀಗದ ಕೊಂಡಿ ಇರುವುದು ಕೊನೆಯದಕ್ಕೆ. ಅದನ್ನು ಒಬ್ಬರು ಹೊರಗಿನಿಂದ ಎತ್ತಿದರೆ ಇನ್ನೊಬ್ಬರು ಒಳಗಿನಿಂದ ಎಳೆದುಕೊಂಡು, ಹಿತ್ತಿಲ ಬಾಗಿಲಿಂದ ಬರಬೇಕು. ದಿನಾ ಸಂಜೆ ಹೊರಗೆ ನಿಂತು ಎತ್ತುತ್ತಿದ್ದವನು ಎದುರಿನ ಮರಗೆಲಸದ ತಿಮ್ಮೇಶ್, ಅನುಷಾಳ ಗಂಡ. ಒಳಗಿದ್ದವಳು ಸಿರಾಜುದ್ದೀನರ ಮಗಳು ಮುಸರತ್.

ಅವನು ಮನೆಗೆ ಬಂದಾಗ ತಲೆಯಲ್ಲಿ ಹತ್ತಿಯ ಎಳೆ ಇರುತ್ತಿತ್ತು. ಅಡಿಗೆಮನೆಯ ಬಾಗಿಲು ಮದುವೆಯಾದಾಗಿನಿಂದ ಒಂದೇ ಕೀಲಿನಲ್ಲಿ ನೇತಾಡುತ್ತಿತ್ತು; ಕೇಳಿದರೆ ನಾಳೆ ಅನ್ನುತ್ತಿದ್ದ. ಆ ಕಟ್ಟಡದ ಗೆದ್ದಲು ಹಿಡಿದ ಹಲಗೆಗಳಿಗೆ ಮಾತ್ರ ಅವನಿಗೆ ಬಿಡುವಿತ್ತು. ಹೊಸವನ್ನು ಮಾಡಲು ಅಳತೆಗೆಂದು ಈ ಕೊನೆಯದನ್ನು ಒಂದು ರಾತ್ರಿಯ ಮಟ್ಟಿಗೆ ಕೇಳಿ ತಂದಿದ್ದ. ಮರುದಿನ ಎಮ್ಮೆದೊಡ್ಡಿ ರಸ್ತೆಯಲ್ಲಿ ಬೈಕು ಬಿತ್ತು.

ಬಚ್ಚಲ ಒಲೆಗೆ ಸೀಳಿ ಹಾಕಿದರೆ ಬೇಕಾದಷ್ಟಾಗುತ್ತದೆ. ಅನುಷಾ ಕೊಡಲಿಯನ್ನು ಕೈಗೆತ್ತಿಕೊಂಡಳು. ಆದರೆ ಸುಟ್ಟರೆ ಆ ಮುಸರತ್‌ಳನ್ನು ಎದುರಿಗೆ ನೋಡಲು ನೆಪವೆಲ್ಲಿ? ಒಂದು ಮಾತು ಅಂದೇ ಬರಬೇಕು.

ಸಂಜೆ ಆಟೊದಲ್ಲಿ ಹಲಗೆ ಹಾಕಿಕೊಂಡು ಹೋದಳು.

"ನೀವ್ಯಾಕೆ ತರಕ್ಕೋದ್ರಿ ಅಕ್ಕ?" ಅಂದಳು ಮುಸರತ್. ಅವಳ ಕಣ್ಣುಗಳು ಊದಿಕೊಂಡಿದ್ದವು.

ಒಂದು ಮಾತು ಅನ್ನಲು ಬಂದಿದ್ದ ಅನುಷಾ ಆ ಕಣ್ಣುಗಳನ್ನೇ ನೋಡಿದಳು. ತನಗೆ ಇವತ್ತಿನವರೆಗೂ ಒಂದು ಹನಿ ಕಣ್ಣೀರು ಬಂದಿಲ್ಲ. ಇವಳಿಗೆ ಎಲ್ಲಿಂದ ಬಂತು ಇಷ್ಟು?

"ಅತ್ತಿದ್ದೀಯ," ಅಂದಳು.

"ಹೂಂ ಅಕ್ಕ." ಮುಸರತ್ ಕಣ್ಣು ತಗ್ಗಿಸಲಿಲ್ಲ. "ಇರಿ, ಹೊರಗಿಂದ ಎತ್ತಕ್ಕೆ ಪಕ್ಕದಂಗಡಿ ಮುಬಶೀರ್ ಭಾಯ್‌ನ ಕರೀತೀನಿ."

"ಯಾರೂ ಬೇಡ. ನಾನೇ ಎತ್ತೀನಿ. ನೀನು ಒಳಗೆ ಹೋಗು."

ಹಲಗೆ ಭಾರವಿತ್ತು. ಅನುಷಾ ಎದೆಗೊತ್ತಿ ಎತ್ತಿದಳು. ಸಂದಿ ಕಿರಿದಾಗುತ್ತ ಬಂದು ಮುಸರತ್‌ಳ ಅರ್ಧ ಮುಖ ಉಳಿಯಿತು, ಆಮೇಲೆ ಬೆರಳು ಮಾತ್ರ.

"ಇನ್ನೊಂಚೂರು ಮೇಲೆ ಅಕ್ಕ."

"ಅವ್ರಿಗೂ ಹಿಂಗೇ ಹೇಳ್ತಿದ್ದೇನೇ?"

ಅನುಷಾ ಇನ್ನೊಂದು ಚೂರು ಎತ್ತಿದಳು. ಆ ಬೆರಳುಗಳು ಹಲಗೆಯನ್ನು ತಮ್ಮ ಕಡೆಗೆ ಎಳೆದುಕೊಂಡವು.