ಒಡಪಿನಲ್ಲಿ ಅಳಿಸಿಹೋದ ಹೆಸರು

ಭೋಜ ಗ್ರಾಮದ ಮಯೂರಿಗೆ ಕಂಪ್ಯೂಟರ್ ನೀರು ಕುಡಿದಷ್ಟು ಸಲೀಸು. ಒಡಪು ಕಟ್ಟುವುದು ಮಾತ್ರ ಕಬ್ಬಿಣದ ಕಡಲೆ. ಮದುವೆಗೆ ಎಂಟೇ ದಿನ. ಹಾರೂಗೇರಿಯ ಗಂಡನ ಮನೆಯ ಹೊಸ್ತಿಲಲ್ಲಿ ನಿಂತು, ಪ್ರಾಸ ಕಟ್ಟಿ ಗಂಡನ ಹೆಸರು ಹೇಳದಿದ್ದರೆ ಅಲ್ಲಿಯ ಹೆಂಗಸರು ಒಳಗೆ ಬಿಟ್ಟಾರೆಯೇ? ಅವಳು ಗೂಗಲ್ ಡಾಕ್ಸ್‌ನಲ್ಲಿ ಒಂದು ಹಾಳೆ ತೆರೆದು, ಯಾರು ಬೇಕಾದರೂ ತಿದ್ದಲಿ ಎಂದು ಎರಡೂ ಮನೆಯ ಹೆಂಗಸರಿಗೆ ಲಿಂಕ್ ಕಳಿಸಿದಳು.

ಚಿಕ್ಕಮ್ಮ ಅಕ್ಕುತಾಯಿ ಸಾಲಿಗೆ ಕಬ್ಬು ತಂದರು, ಹಾರೂಗೇರಿಯಿಂದ ಯಾರೋ ಬೆಲ್ಲ ಸುರಿದರು. ಒಡಪು ಸಿದ್ಧವಾಯಿತು:

ಭೋಜದ ಹೊಲದಾಗ ಕಬ್ಬು, ಹಾರೂಗೇರಿ ಸಂತ್ಯಾಗ ಬೆಲ್ಲ,
ದುಂಡೇಶ ಅವರಷ್ಟು ಸವಿ ಯಾವುದೂ ಇಲ್ಲ.

ಆದರೆ ಮರುದಿನ ನೋಡಿದರೆ ‘ದುಂಡೇಶ’ ಮಾಯ! ಮಯೂರಿ ಮತ್ತೆ ಬರೆದಳು. ಮತ್ತೆ ಮಾಯ. ಮೂರನೆಯ ದಿನ ತಿದ್ದಿದವರ ಪಟ್ಟಿ ತೆಗೆದಳು. ಅಳಿಸಿದ್ದು ರಾಜೇಶ್ವರಿ, ಅತ್ತೆಯಾಗುವವರು!

ಅವಳು ಪಟ್ಟಿಯನ್ನು ಚಿಕ್ಕಮ್ಮನಿಗೆ ತೋರಿಸಿದಳು. ಮಗನ ಹೆಸರಿನ ಪಕ್ಕ ನಾನು ಅವರಿಗೆ ಬೇಡವೇ?

“ಹುಚ್ಚಿ, ಕೇಳಿದರ ಗೊತ್ತಾಗತೈತಿ,” ಎಂದರು ಅಕ್ಕುತಾಯಿ.

ಫೋನ್ ಮಾಡಲು ಧೈರ್ಯ ಸಾಲಲಿಲ್ಲ. ಹಾಳೆಯ ಅಂಚಿನಲ್ಲಿ ಕಾಮೆಂಟ್ ಹಾಕಿದಳು: “ಈ ಹೆಸರು ನಿಮಗ ಬ್ಯಾಡೇನ್ರಿ?”

ಐದೇ ನಿಮಿಷಕ್ಕೆ ಫೋನ್ ಬಂತು. ಹಿಂದಿನಿಂದ ರಾಜೇಶ್ವರಿ ಬಿದ್ದು ಬಿದ್ದು ನಗುವುದು ಕೇಳುತ್ತಿತ್ತು. ಮಾತಾಡಿದ್ದು ಬೇರೆ ದನಿ.

“ನಾ ರಾಮವ್ವ, ದುಂ... ನಮ್ಮ ತಮ್ಮನ, ನಿನ್ನ ಗಂಡ ಆಗಾಂವನ ಆಯಿ. ಸೊಸಿ ಫೋನ್ ತಗೊಂಡು ನಾನ ಅಳಿಸೇನಿ. ಮೊಮ್ಮಗಗ ನಮ್ಮ ಮನಿಯವರ ಹೆಸರ ಇಟ್ಟಾರಲ್ಲ! ನನ್ನ ಮದುವ್ಯಾಗ ಒಮ್ಮೆ ಒಡಪಿನಾಗ ಅಂದಾಕಿ, ಮುಂದ ಬಾಯಿಗೆ ತಂದಿಲ್ಲ. ದಿನಾ ಓದಾಕ ತಗೀತೇನಿ, ದಿನಾ ನಾಚಿಕಿ ಆಗತೈತಿ. ಬೆಲ್ಲ ಹಾಕಿದಾಕಿನೂ ನಾನ. ಸಿಟ್ಟಾಗಬ್ಯಾಡವಾ.”

ಮಯೂರಿಗೆ ನಗುವೂ ಬಂತು, ಕಣ್ಣೀರೂ ಬಂತು. ಹೆಸರು ಮತ್ತೆ ಬರೆದಳು. ಈ ಸಲ ಅದು ಉಳಿಯಿತು.

ಮದುವೆಯ ದಿನ ಹೊಸ್ತಿಲಲ್ಲಿ ಅಕ್ಕಿ ತುಂಬಿದ ಸೇರಿನ ಮುಂದೆ ನಿಂತು ಅವಳು ತಡವರಿಸದೆ ಒಡಪು ಹೇಳಿದಳು. ಹೆಂಗಸರು ಹೋ ಎಂದು ನಕ್ಕರು. ರಾಮವ್ವ ಮಾತ್ರ ನಗಲಿಲ್ಲ. ಸೆರಗು ಬಾಯಿಗೆ ಹಿಡಿದು ಹತ್ತಿರ ಬಂದರು.

“ನನ್ನ ಸಲುವಾಗಿ ಮನ್ಯಾಗ ಎಲ್ಲಾರೂ ಮೊಮ್ಮಗಗ ತಮ್ಮಾ ಅಂತಾರ. ನಮ್ಮ ಮನಿಯವರು ಹೋಗಿ ಇಪ್ಪತ್ತೆಂಟು ವರ್ಷ ಆತು, ಆ ಹೆಸರು ಈ ಮನ್ಯಾಗ ಕೇಳೇ ಇಲ್ಲ,” ಎಂದರು ಮೆಲ್ಲಗೆ. “ಇನ್ನೊಮ್ಮೆ ಹೇಳವಾ.”

ಮಯೂರಿ ಅವರ ಕೈ ಹಿಡಿದು ಇನ್ನೊಮ್ಮೆ ಹೇಳಿದಳು, ಬೀದಿಗೆಲ್ಲ ಕೇಳುವ ಹಾಗೆ.